ನೀರು ಕೆಡಿಸುವುದಕ್ಕೂ ಒಂದು ಹಕ್ಕು

1882ರ ಭಾರತೀಯ ಈಸ್‌ಮೆಂಟ್ (ಬೇರೆಯವರ ಜಮೀನಿನ ಮೇಲಿರುವ ಬಳಕೆಯ ಹಕ್ಕು) ಕಾಯ್ದೆಯನ್ನು ಪರಿಸರದ ಕಾನೂನು ಎಂದು ಯಾರೂ ಓದುವುದಿಲ್ಲ. ಪಕ್ಕದ ಹೊಲದೊಳಗಿನ ಗಾಡಿದಾರಿ, ಕಿಟಕಿಗೆ ಬೀಳುವ ಬೆಳಕು, ಗದ್ದೆಯ ಕಾಲುವೆ ಇಂಥ ವ್ಯಾಜ್ಯ ಬಂದಾಗ ವಕೀಲರು ತೆರೆಯುವ ಕಾಯ್ದೆ ಅದು. ಆದರೆ ಅದರ 7ನೇ ಸೆಕ್ಷನ್ ಕೊಡುವ ಉದಾಹರಣೆಗಳನ್ನು ನೋಡಿ. ತನ್ನ ಜಮೀನಿಗೆ ಸಹಜವಾಗಿ ಬರುವ ಗಾಳಿಯನ್ನೂ ನೀರನ್ನೂ ಬೇರೆಯವರು ಮಿತಿಮೀರಿ ಕೆಡಿಸಬಾರದು ಎಂಬುದು ಪ್ರತಿಯೊಬ್ಬ ಭೂಮಾಲೀಕನ ಹಕ್ಕು ಎನ್ನುತ್ತದೆ ಅದು. ಅಲ್ಲಿಂದ 28ನೇ ಸೆಕ್ಷನ್‌ಗೆ ಬಂದರೆ ಅಚ್ಚರಿ ಕಾದಿದೆ: ಗಾಳಿ ಅಥವಾ ನೀರನ್ನು ಕೆಡಿಸುವ ಹಕ್ಕಿಗೂ ಅಲ್ಲಿ ಜಾಗ ಉಂಟು. 20 ವರ್ಷ ಅಡೆತಡೆಯಿಲ್ಲದೆ, ಹಕ್ಕೆಂಬಂತೆ ಕೆಡಿಸುತ್ತ ಬಂದವನಿಗೆ ಆ ಅವಧಿಯ ಆರಂಭದಲ್ಲಿ ಎಷ್ಟು ಕೆಡಿಸುತ್ತಿದ್ದನೋ ಅಷ್ಟರ ಮಟ್ಟಿಗೆ ಅನುಮತಿ.

ಕಾಯ್ದೆ ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಕೊಡಗು ಇದ್ದವು. ಅಂದರೆ ಮಂಗಳೂರು, ಬಳ್ಳಾರಿ, ಮಡಿಕೇರಿಯವರಿಗೆ ಇದು ಮೊದಲ ದಿನದಿಂದಲೇ ಅನ್ವಯ. ಮೇಲಿನ ತೋಟದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಕೆಳಗಿನ ತೋಟದ ತೊರೆಗೆ ಇಳಿಯುವ ಊರಿನವರಿಗೆ ಈ ಎರಡು ಸೆಕ್ಷನ್‌ಗಳ ನಡುವಿನ ಜಗಳ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ 1974ರ ಜಲ ಕಾಯ್ದೆ ಬಂದು ಮಾಲಿನ್ಯವನ್ನು ಮಂಡಳಿ, ಪರವಾನಗಿ, ಮಾಪನದ ಕೈಗೆ ಕೊಟ್ಟಿತು. ಅದಕ್ಕೂ ಮೊದಲು ಹೊಗೆ ಮತ್ತು ಕೊಳಚೆ ಬಹುಮಟ್ಟಿಗೆ ಇಬ್ಬರು ನೆರೆಯವರ ನಡುವಿನ ಹಕ್ಕಿನ ತಕರಾರಾಗಿದ್ದವು.

ಆ ತಕರಾರಿನ ಅತಿ ಪ್ರಸಿದ್ಧ ಮೊಕದ್ದಮೆ ಲಂಡನ್ನಿನ ಒಬ್ಬ ಮಿಠಾಯಿಯವನದು. ವಿಗ್‌ಮೋರ್ ಬೀದಿಯಲ್ಲಿದ್ದ ಬ್ರಿಜ್‌ಮನ್‌ನ ಅಡುಗೆಮನೆಯಲ್ಲಿ ಎರಡು ದೊಡ್ಡ ಒರಳುಗಳು 20 ವರ್ಷಕ್ಕೂ ಹೆಚ್ಚು ಕಾಲದಿಂದ ಕುಟ್ಟುತ್ತಿದ್ದವು. ಹಿತ್ತಿಲ ಆಚೆಗೆ, ವಿಂಪೋಲ್ ಬೀದಿಯ ಮನೆಗೆ ಸ್ಟರ್ಜಸ್ ಎಂಬ ವೈದ್ಯ ಬಂದದ್ದು 1865ರಲ್ಲಿ. ಎಂಟು ವರ್ಷ ಇಬ್ಬರಿಗೂ ತಂಟೆಯಿರಲಿಲ್ಲ. 1873ರಲ್ಲಿ ವೈದ್ಯ ಹಿತ್ತಿಲ ತುದಿಗೆ, ಒರಳಿನ ಗೋಡೆಗೆ ಒತ್ತಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಸದ್ದು, ಅದುರುವಿಕೆಯಿಂದ ಕೆಲಸ ಮಾಡಲಾಗುತ್ತಿಲ್ಲ ಎಂದು ಕೋರ್ಟಿಗೆ ಹೋದ. ಮಿಠಾಯಿಯವನು 20 ವರ್ಷದ ರೂಢಿಯ ಹಕ್ಕನ್ನೇ ಮುಂದಿಟ್ಟ. 1879ರಲ್ಲಿ ಕೋರ್ಟು ಅವನನ್ನು ಸೋಲಿಸಿತು: ತೊಂದರೆ ಶುರುವಾದದ್ದೇ ಕೋಣೆ ಕಟ್ಟಿದ ಮೇಲೆ, ಹಾಗಾಗಿ 20 ವರ್ಷದ ಲೆಕ್ಕ ಅಲ್ಲಿಂದ. ಒರಳಿಗೆ ತಡೆಯಾಜ್ಞೆ ಬಂತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಬಂತು: ಬೆಲ್‌ಗ್ರೇವ್ ಸ್ಕ್ವೇರ್‌ನಲ್ಲಿ ಉಪದ್ರವ ಎನಿಸುವುದು ಬರ್ಮಂಡ್ಸಿಯಲ್ಲಿ ಹಾಗೆನಿಸಬೇಕಿಲ್ಲ. ಮೊದಲನೆಯದು ಸಿರಿವಂತರ ಬಡಾವಣೆ, ಎರಡನೆಯದು ತೊಗಲು ಹದಮಾಡುವವರ ಕೇರಿ. ನಾಜೂಕಾಗಿ ಹೇಳಿದ ಮಾತು, ಆದರೆ ಬಡವರ ಕೇರಿಯ ಮೂಗಿಗೆ ಕಾನೂನು ಕಡಿಮೆ ಬೆಲೆ ಕಟ್ಟಿತು ಎಂದೇ ನಾನು ಓದುತ್ತೇನೆ.

ಅರ್ಥಶಾಸ್ತ್ರಜ್ಞರು ಈ ಜಗಳಕ್ಕೆ ತಡವಾಗಿ ಬಂದರು. ಕೇಂಬ್ರಿಜ್‌ನ ಪಿಗೂ 1920ರಲ್ಲಿ ಹೇಳಿದ್ದು ಸರಳ: ಕಾರ್ಖಾನೆಯ ಲೆಕ್ಕಪುಸ್ತಕಕ್ಕೆ ಬಾರದ ನಷ್ಟ ಊರಿನ ಮೇಲೆ ಬೀಳುತ್ತದೆ, ಸರ್ಕಾರ ತೆರಿಗೆ ಹಾಕಿ ಅದನ್ನು ಪುಸ್ತಕದೊಳಕ್ಕೆ ತರಬೇಕು. ನಲವತ್ತು ವರ್ಷ ಅದೇ ಪಾಠ ನಡೆಯಿತು. 1959ರಲ್ಲಿ ರೊನಾಲ್ಡ್ ಕೋಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ರೇಡಿಯೊ ತರಂಗಾಂತರಗಳ ಬಗ್ಗೆ ಬರೆಯುತ್ತ ಪಿಗೂ ತಪ್ಪು ಎಂದ. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ವಾದಕ್ಕೆ ಕರೆದರು. ಅವರಲ್ಲೊಬ್ಬರಾದ ಆರನ್ ಡೈರೆಕ್ಟರ್ ಎಂಬವರ ಮನೆಯ ಆ ಸಂಜೆ ಶುರುವಾದಾಗ 20 ಮಂದಿ ಕೋಸ್ ವಿರುದ್ಧ, ಪರವಾಗಿ ಕೋಸ್ ಒಬ್ಬನೇ, ಮುಗಿದಾಗ 21 ಮಂದಿಯೂ ಕೋಸ್ ಪರ ಎಂದು ಅಲ್ಲಿದ್ದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಬರೆದಿದ್ದಾರೆ. ಅದನ್ನೇ ವಿಸ್ತರಿಸಿದ 1960ರ ಲೇಖನದಲ್ಲಿ ಕೋಸ್ ಆ ಮಿಠಾಯಿಯವನನ್ನೂ ವೈದ್ಯನನ್ನೂ ಮತ್ತೆ ಕರೆತಂದ.

ಅವನ ಪ್ರಶ್ನೆ ಹೀಗೆ: ಒರಳು ವೈದ್ಯನಿಗೆ ತೊಂದರೆ, ನಿಜ. ಒರಳು ನಿಲ್ಲಿಸಿದರೆ ಮಿಠಾಯಿಯವನಿಗೆ ತೊಂದರೆಯಲ್ಲವೇ? ಲೆಕ್ಕಕ್ಕೆಂದು ಒರಳಿನಿಂದ ಬರುವ ಲಾಭ 80, ವೈದ್ಯನ ನಷ್ಟ 50 ಎಂದಿಟ್ಟುಕೊಳ್ಳಿ. ಕೋರ್ಟು ವೈದ್ಯನ ಪರವಾದರೆ ಮಿಠಾಯಿಯವನು 50ಕ್ಕೂ 80ಕ್ಕೂ ನಡುವೆ ಒಂದು ಮೊತ್ತ ಕೊಟ್ಟು ಒಪ್ಪಿಸುತ್ತಾನೆ, ಒರಳು ಕುಟ್ಟುತ್ತದೆ. ಕೋರ್ಟು ಮಿಠಾಯಿಯವನ ಪರವಾದರೆ ವೈದ್ಯ 50ಕ್ಕಿಂತ ಹೆಚ್ಚು ಕೊಡಲಾರ, ಆಗಲೂ ಒರಳು ಕುಟ್ಟುತ್ತದೆ. ಹಕ್ಕು ಯಾರದೆಂದು ಖಚಿತವಾಗಿದ್ದು, ಕೂತು ಮಾತಾಡಲು ಖರ್ಚಿಲ್ಲದಿದ್ದರೆ, ಆಗುವ ಕೆಲಸ ಒಂದೇ. ಇದಕ್ಕೆ ಕೋಸ್ ಪ್ರಮೇಯ ಎಂದು ಹೆಸರಿಟ್ಟವರು ಸ್ಟಿಗ್ಲರ್, ಕೋಸ್ ಅಲ್ಲ. ಖರ್ಚಿಲ್ಲದ ಮಾತುಕತೆ ಲೋಕದಲ್ಲಿ ಎಲ್ಲೂ ಇಲ್ಲ, ಆ ಖರ್ಚನ್ನೇ ಅಭ್ಯಾಸ ಮಾಡಿ ಎಂಬುದು ಕೋಸ್ ವಾದದ ಮುಖ್ಯ ಭಾಗ. ಅನುಯಾಯಿಗಳು ಮೊದಲ ಅರ್ಧವನ್ನು ಎತ್ತಿಕೊಂಡು ಮೆರೆದರು. 1991ರಲ್ಲಿ ಕೋಸ್‌ಗೆ ನೊಬೆಲ್ ಬಂತು.

ಇನ್ನೊಂದು ಸಂಗತಿ ಆ ಲೆಕ್ಕದೊಳಗೇ ಅಡಗಿದೆ. ಒರಳಿಗೆ ಎರಡೂ ದಾರಿ ಒಂದೇ ಇರಬಹುದು, ವೈದ್ಯನ ಜೇಬಿಗೆ ಅಲ್ಲ. ಒಂದರಲ್ಲಿ ಅವನಿಗೆ ಹಣ ಬರುತ್ತದೆ, ಇನ್ನೊಂದರಲ್ಲಿ ಕೋಣೆಯೂ ಇಲ್ಲ, ಕಾಸೂ ಇಲ್ಲ. ಚೌಕಾಸಿಯ ಚರಿತ್ರೆಯನ್ನು ನೋಡುತ್ತ ಹೋದರೆ ಬೆಲೆಗಿಂತ ಮೊದಲು ಕೇಳಬೇಕಾದದ್ದು ಹಕ್ಕು ಯಾರ ಕೈಲಿತ್ತು, ಮಾತಿಗೆ ಕೂತವರು ಯಾರು ಎಂಬುದು.

ಫ್ರಾನ್ಸಿನ ವಿಟೆಲ್‌ನಲ್ಲಿ ಹಕ್ಕು ರೈತರ ಕೈಲಿತ್ತು. 1980ರ ದಶಕದಲ್ಲಿ ಅಲ್ಲಿನ ಮೆಕ್ಕೆಜೋಳ, ಹೈನುಗಾರಿಕೆ, ಗೊಬ್ಬರದಿಂದ ಬಾಟಲಿ ನೀರಿನ ಬುಗ್ಗೆಗೆ ನೈಟ್ರೇಟ್ ಇಳಿಯತೊಡಗಿತು. ರೈತರು ಕಾನೂನು ಮೀರಿರಲಿಲ್ಲ, ಕಂಪನಿ ಅವರನ್ನು ಕೋರ್ಟಿಗೆ ಎಳೆಯುವಂತಿರಲಿಲ್ಲ. ಹಾಗಾಗಿ ಕಂಪನಿಯೇ ಹಣ ಕೊಟ್ಟಿತು: ಮೆಕ್ಕೆಜೋಳ ಬಿಟ್ಟವರಿಗೆ ಹೆಕ್ಟೇರಿಗಿಷ್ಟು ಎಂದು ವರ್ಷಗಟ್ಟಲೆ ಪಾವತಿ, ಸಾಲದ ಹೊರೆ ಇಳಿಸುವಿಕೆ, ಕಂಪನಿ ಕೊಂಡ ಜಮೀನಿನ ಉಚಿತ ಬಳಕೆ, 18ರಿಂದ 30 ವರ್ಷದ ಕರಾರು. ರೈತ ಕುಟುಂಬಗಳು ನಲವತ್ತಕ್ಕೂ ಕಡಿಮೆ. ಆದರೂ ಮಾತುಕತೆಗೆ ಹತ್ತು ವರ್ಷದಷ್ಟು ಹಿಡಿಯಿತು.

ಅಮೆರಿಕದ ಒಹಾಯೊದ ಚೆಷೈರ್‌ನಲ್ಲೂ ಜನ ಕಡಿಮೆಯೇ, ಸುಮಾರು 220. ಪಕ್ಕದ ಗ್ಯಾವಿನ್ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಗಂಧಕಾಮ್ಲದ ನೀಲಿ ಮಂಜು ಊರಿನ ಮೇಲೆ ಇಳಿಯುತ್ತಿತ್ತು. 2002ರಲ್ಲಿ ಕಂಪನಿ 2 ಕೋಟಿ ಡಾಲರ್ ಕೊಟ್ಟು ಊರನ್ನೇ ಕೊಂಡಿತು. ಮನೆಗಳಿಗೆ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ ಸಿಕ್ಕಿತು, ಬದಲಿಗೆ ಮುಂದೆ ದಾವೆ ಹೂಡುವ ಹಕ್ಕನ್ನು ಬರೆದುಕೊಟ್ಟರು. ಒಪ್ಪಂದ ಇಬ್ಬರಿಗೂ ಒಪ್ಪಿಗೆಯಾದದ್ದೇ. ಹೊಗೆ ಮಾತ್ರ ಎಲ್ಲಿಯೂ ಹೋಗಲಿಲ್ಲ, ಜನ ಹೋದರು.

ಊರಿನವರು ಮಾರಲು ಒಪ್ಪದಿದ್ದರೆ? ನ್ಯೂಯಾರ್ಕ್ ರಾಜ್ಯದ ಆಲ್ಬನಿ ಬಳಿ ಅಟ್ಲಾಂಟಿಕ್ ಸಿಮೆಂಟ್ ಕಾರ್ಖಾನೆಯ ಧೂಳಿನ ವಿರುದ್ಧ ನೆರೆಯವರು ಕೋರ್ಟಿಗೆ ಹೋದರು. ಅಲ್ಲಿಯವರೆಗಿನ ಪದ್ಧತಿಯಂತೆ ತಡೆಯಾಜ್ಞೆ ಸಿಗಬೇಕಿತ್ತು. 1970ರಲ್ಲಿ ಕೋರ್ಟು ಕಾರ್ಖಾನೆಯ 4.5 ಕೋಟಿ ಡಾಲರಿಗೂ ಮೀರಿದ ಬಂಡವಾಳ, 300ಕ್ಕೂ ಹೆಚ್ಚು ಕೆಲಸಗಾರರನ್ನು ನೋಡಿ ಹಿಂದೆ ಸರಿಯಿತು. ನೆರೆಯವರ ಶಾಶ್ವತ ನಷ್ಟಕ್ಕೆ ಕೆಳ ನ್ಯಾಯಾಲಯ ಕಟ್ಟಿದ್ದ ಬೆಲೆ 1,85,000 ಡಾಲರ್. ಇಂಥ ಶಾಶ್ವತ ಪರಿಹಾರ ಕೊಟ್ಟರೆ ತಡೆಯಿಲ್ಲ ಎಂಬುದು ತೀರ್ಪು. ಭಿನ್ನಮತ ಬರೆದ ನ್ಯಾಯಮೂರ್ತಿ ಜೇಸೆನ್ ಇದು ತಪ್ಪು ಮಾಡುತ್ತ ಹೋಗಲು ಕೊಟ್ಟ ಲೈಸೆನ್ಸ್ ಎಂದರು. ಎರಡು ವರ್ಷದ ನಂತರ ಕ್ಯಾಲಬ್ರೆಸಿ ಮತ್ತು ಮೆಲಮೆಡ್ ಎಂಬ ಅಮೆರಿಕದ ಕಾನೂನು ಬರಹಗಾರರು ಈ ವ್ಯತ್ಯಾಸಕ್ಕೆ ಚೌಕಟ್ಟು ಕೊಟ್ಟರು. ತಡೆಯಾಜ್ಞೆ ಇದ್ದರೆ ಕಾರ್ಖಾನೆ ನಿಮ್ಮ ಬಾಗಿಲಿಗೆ ಬರಬೇಕು, ಬೆಲೆ ಹೇಳುವವರು ನೀವು. ಪರಿಹಾರ ಮಾತ್ರ ಇದ್ದರೆ ಬೆಲೆ ಹೇಳುವುದು ಕೋರ್ಟು, ನೀವು ಒಪ್ಪಿದರೂ ಸರಿ, ಬಿಟ್ಟರೂ ಸರಿ.

ಭೋಪಾಲದಲ್ಲಿ ಬೆಲೆ ಹೇಳಿದ್ದು ಯಾರು? 1984ರ ಡಿಸೆಂಬರ್ 2–3ರ ರಾತ್ರಿಯ ಅನಿಲ ಸೋರಿಕೆಯ ನಂತರ, 1985ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ ಸಂತ್ರಸ್ತರ ಪರವಾಗಿ ದಾವೆ ಹೂಡುವ, ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೆ ಕೊಟ್ಟಿತು. ಲಕ್ಷಾಂತರ ಜನ ಒಂದು ಬಹುರಾಷ್ಟ್ರೀಯ ಕಂಪನಿಯೊಡನೆ ಒಬ್ಬೊಬ್ಬರಾಗಿ ಗುದ್ದಾಡುವುದು ಸಾಧ್ಯವಿರಲಿಲ್ಲ, ನಿಜವೇ. ಕೋಸ್ ಹೇಳಿದ ಮಾತುಕತೆಯ ಖರ್ಚು ಇದರಿಂದ ಒಂದೇ ಏಟಿಗೆ ಇಳಿಯಿತು. ಆದರೆ ಹಕ್ಕುಳ್ಳವರು ಮೇಜಿನ ಬಳಿ ಇರಲಿಲ್ಲ. 330 ಕೋಟಿ ಡಾಲರ್ ಕೇಳಿದ್ದ ಸರ್ಕಾರ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಕೊನೆಗೆ ಐದು ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿದ್ದು ಆ ಮೊತ್ತವನ್ನೇ. ಹೆಚ್ಚಿನ ಪರಿಹಾರ ಕೇಳಿ ಕೇಂದ್ರ ಸಲ್ಲಿಸಿದ ಕ್ಯುರೇಟಿವ್ ಅರ್ಜಿಯನ್ನು, ಅಂದರೆ ಅಂತಿಮ ತೀರ್ಪನ್ನೂ ತಿದ್ದಿ ಎಂದು ಕೇಳುವ ಕೊನೆಯ ಅರ್ಜಿಯನ್ನು, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿತು. ಸಂತ್ರಸ್ತರಿಗಾಗಿ ವಿಮೆ ಮಾಡಿಸುವ ಹೊಣೆಯನ್ನು ಕೇಂದ್ರವೇ ನಿಭಾಯಿಸಲಿಲ್ಲ ಎಂದು ಅದೇ ತೀರ್ಪು ಕಟುವಾಗಿ ಹೇಳಿದೆ.

ಹೊಣೆಯ ಕಾನೂನನ್ನು ನಮ್ಮ ಸುಪ್ರೀಂ ಕೋರ್ಟು ಬಿಗಿ ಮಾಡಿದ್ದೂ ಆ ವರ್ಷಗಳಲ್ಲೇ. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ರಾಸಾಯನಿಕ ಘಟಕದಿಂದ ಓಲಿಯಂ ಎಂಬ ಪ್ರಬಲ ಗಂಧಕಾಮ್ಲದ ಅನಿಲ ಸೋರಿತು. ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠ, 1868ರ ಇಂಗ್ಲಿಷ್ ತೀರ್ಪೊಂದನ್ನು ಹಿಡಿದು ಬಂದಿದ್ದ ವಿನಾಯಿತಿಗಳನ್ನು ಪಕ್ಕಕ್ಕಿಟ್ಟು, ಅಪಾಯಕಾರಿ ಉದ್ಯಮ ನಡೆಸುವವನ ಹೊಣೆಗೆ ಯಾವ ನೆಪವೂ ಇಲ್ಲ, ಉದ್ಯಮ ದೊಡ್ಡದಾದಷ್ಟೂ ಪರಿಹಾರ ದೊಡ್ಡದು ಎಂದಿತು. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಮಾತಿಲ್ಲ. ಅದೇ ತತ್ವವನ್ನು 1996ರಲ್ಲಿ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿಯವರ ಪೀಠ ಉದಯಪುರ ಬಳಿಯ ಬಿಚ್ಛಡಿ ಗ್ರಾಮಕ್ಕೆ ಅನ್ವಯಿಸಿತು. ಬಣ್ಣ ತಯಾರಿಕೆಗೆ ಬಳಸುವ ಎಚ್-ಆಸಿಡ್ ತಯಾರಿಕೆಯ ಸುಮಾರು 2,440 ಟನ್ ಕೆಸರು ಅಲ್ಲಿನ ನೆಲಕ್ಕಿಳಿದು ಬಾವಿಗಳ ನೀರು ಕೆಂಪಾಗಿತ್ತು. ಕೆಡಿಸಿದವನೇ ತೆರಬೇಕು ಎಂದಾಯಿತು, ಶುದ್ಧೀಕರಣದ ವೆಚ್ಚ 37.385 ಕೋಟಿ ರೂಪಾಯಿ ಎಂದು ಲೆಕ್ಕವಾಯಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋಯಿತು. 2011ರಲ್ಲಿ ಕೋರ್ಟು 12% ಚಕ್ರಬಡ್ಡಿ ಸೇರಿಸಿ ಕಟ್ಟಿ ಎಂದಾಗ ಮೊದಲ ತೀರ್ಪಿಗೆ 15 ವರ್ಷವಾಗಿತ್ತು.

ಬಿಚ್ಛಡಿಯಲ್ಲಿ ಕನಿಷ್ಠ ಕಾರ್ಖಾನೆಯ ಗೇಟು ಕಾಣುತ್ತಿತ್ತು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬರುವುದು ನಗರದ ದೊಡ್ಡ ಭಾಗದ ಒಳಚರಂಡಿ ನೀರು. ಇಲ್ಲಿ ಕೆಡಿಸುವವರ ಪಟ್ಟಿಯಲ್ಲಿ ಬಟ್ಟೆ ಒಗೆಯುವ, ಫ್ಲಶ್ ಎಳೆಯುವ ಲಕ್ಷಾಂತರ ಮನೆಗಳಿವೆ, ನೊರೆ ಹಾರಿ ಬೀಳುವುದೂ ಅವರಲ್ಲಿ ಕೆಲವರ ಬಾಲ್ಕನಿಗೆ. ಯಾರು ಯಾರೊಡನೆ ಚೌಕಾಸಿ ಮಾಡುವುದು? ಕೆರೆ ಪದೇ ಪದೇ ಹೊತ್ತಿ ಉರಿದ ಮೇಲೆ, 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ನಗರದ ಆಗಿನ ಪಾಲಿಕೆ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆ ಸರಿಪಡಿಸಲು 500 ಕೋಟಿಯನ್ನು ಬೇರೆಯಾಗಿ ತೆಗೆದಿಡಿ ಎಂದಿತು. ಆ ಎರಡೂ ಖಜಾನೆಗೆ ಹಣ ಬರುತ್ತಿದ್ದುದು ತೆರಿಗೆಯಿಂದ, ಮೂಗು ಮುಚ್ಚಿಕೊಂಡು ಕೆರೆ ದಾಟುವವರ ಆಸ್ತಿ ತೆರಿಗೆಯೂ ಅದರಲ್ಲಿ ಸೇರಿತ್ತು.