ತಾಳಿಕೊಂಡು ಗೆದ್ದ ಕಾರ್ವೆಟ್

ನನ್ನ ಕೆಲಸ ಗಾಡಿಗಳ ಬಾಳಿಕೆ ಪರೀಕ್ಷೆ. ಎಂಜಿನ್ನನ್ನು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಹಗಲು ರಾತ್ರಿ ಓಡಿಸುತ್ತೇವೆ. ಯಾವ ಭಾಗ ಮೊದಲು ಕೈಕೊಡುತ್ತದೆ ಅಂತ ಕಾಯುತ್ತೇವೆ. ಒಮ್ಮೆ ಮೂರು ವಾರದ ಪರೀಕ್ಷೆ ಹದಿನೆಂಟನೇ ದಿನ ನಿಂತುಹೋಯಿತು. ಬಿಚ್ಚಿ ನೋಡಿದರೆ ಪಿಸ್ಟನ್, ಬೇರಿಂಗ್ ಎಲ್ಲ ಚೆನ್ನಾಗಿಯೇ ಇದ್ದವು. ಆಯಿಲ್ ಪೈಪಿನ ಒಂದು ಕ್ಲಾಂಪ್ ಸಡಿಲವಾಗಿತ್ತು, ಅಷ್ಟೇ. ಅವತ್ತಿನಿಂದ ಯಾವ ರೇಸ್ ಕಾರು ನೋಡಿದರೂ ನಾನು ಮೊದಲು ಕೇಳುವುದು ಎಷ್ಟು ವೇಗ ಅಂತ ಅಲ್ಲ, ಎಷ್ಟು ಹೊತ್ತು ಅಂತ.

ಅದಕ್ಕೇ ಅಮೆರಿಕದ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್‌ನ ಐದನೇ ತಲೆಮಾರು ನನಗೆ ತುಂಬ ಇಷ್ಟ. ಅದನ್ನು ಸಿ5 ಅಂತಾರೆ. 1997ರ ಮಾಡೆಲಿನಿಂದ 2004ರ ಮಾಡೆಲಿನವರೆಗೆ ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ತಯಾರಾಯಿತು. ಅದರ ರೇಸ್ ಕಾರು ಸಿ5-ಆರ್. ಅದನ್ನು ಕಟ್ಟಿದ್ದು ಮಿಶಿಗನ್‌ನ ಪ್ರಾಟ್ ಅಂಡ್ ಮಿಲ್ಲರ್ ಕಂಪನಿ.

ಎಲ್ಲರೂ ಮೊದಲು ಎಂಜಿನ್ ಬಗ್ಗೆ ಕೇಳ್ತಾರೆ. ನಾನು ಅಡಿಯಿಂದ ಶುರು ಮಾಡುತ್ತೇನೆ. ಸಿ5ರ ಎರಡೂ ಪಕ್ಕ ಉದ್ದಕ್ಕೆ ಒಂದೊಂದು ಉಕ್ಕಿನ ತೊಲೆ ಇದೆ. ಉಕ್ಕಿನ ಕೊಳವೆಯನ್ನು ಅಚ್ಚಿನೊಳಗೆ ಇಟ್ಟು, ಒಳಗಿನಿಂದ ಭಾರೀ ಒತ್ತಡದಲ್ಲಿ ನೀರು ಬಿಡುತ್ತಾರೆ. ಕೊಳವೆ ಉಬ್ಬಿ ಅಚ್ಚಿನ ಆಕಾರಕ್ಕೆ ಬರುತ್ತದೆ. ಹತ್ತಾರು ತುಂಡುಗಳನ್ನು ವೆಲ್ಡ್ ಮಾಡಿ ಸೇರಿಸುವ ಗೋಜಿಲ್ಲ. ನನ್ನ ಅನುಭವದಲ್ಲಿ ಬಿರುಕು ಜಾಸ್ತಿ ಹುಟ್ಟುವುದೇ ವೆಲ್ಡ್ ಪಕ್ಕದಲ್ಲಿ. ಸಿ5-ಆರ್ ಕಟ್ಟುವಾಗಲೂ ಕಾರ್ಖಾನೆಯ ಇದೇ ತೊಲೆಗಳನ್ನು ತಗೊಂಡು, ಅದರ ಮೇಲೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ಕೊಳವೆಗಳ ಪಂಜರ, ಕೂರಿಸಿದರು. ಗೇರ್‌ಬಾಕ್ಸ್ ಕೂಡ ರಸ್ತೆ ಕಾರಿನ ಹಾಗೆ ಹಿಂದಿನ ಚಕ್ರಗಳ ಹತ್ತಿರವೇ ಇತ್ತು. ಭಾರ ಹಿಂದೆ ಮುಂದೆ ಹಂಚಿಹೋದರೆ ನಾಲ್ಕೂ ಟೈರ್ ಹೆಚ್ಚುಕಡಿಮೆ ಒಂದೇ ಸಮ ಸವೆಯುತ್ತವೆ.

ಈಗ ಎಂಜಿನ್. ಅದು ಪುಷ್‌ರಾಡ್ ವಿ8. ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್, ಗಾಳಿ ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ಕೆಳಗಿರುವ ಕ್ಯಾಮ್‌ಶಾಫ್ಟ್ ಉದ್ದದ ಕಡ್ಡಿಗಳಿಂದ ತಳ್ಳಿ ತೆರೆಯುತ್ತದೆ. ಒಂದೇ ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ಎರಡೇ ವಾಲ್ವ್. 'ಅಜ್ಜನ ಕಾಲದ್ದು' ಅಂತ ಮೂಗು ಮುರಿಯುವವರು ಇವತ್ತೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಂಥ ರೇಸಿನಲ್ಲಿ ಬೇರೆ ಬೇರೆ ದರ್ಜೆಯ ಕಾರುಗಳು ಒಟ್ಟಿಗೇ ಓಡುತ್ತವೆ. ಸಿ5-ಆರ್ ಓಡಿದ ದರ್ಜೆಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿಗೆ ರಿಸ್ಟ್ರಿಕ್ಟರ್ ಹಾಕುತ್ತಿದ್ದರು. ಅಂದರೆ ಅಳತೆ ಮಾಡಿದ ಒಂದು ಕಿರಿದಾದ ಬಾಯಿ. ಗಾಳಿಗೆ ಮಿತಿ ಬಿತ್ತು ಅಂದರೆ ಶಕ್ತಿಗೂ ಮಿತಿ ಬಿತ್ತು. ಆಮೇಲೆ ಎಂಜಿನ್ನನ್ನು ಎಷ್ಟು ಜೋರಾಗಿ ತಿರುಗಿಸಿದರೂ ಪ್ರಯೋಜನವಿಲ್ಲ, ಬರೀ ಘರ್ಷಣೆ ಜಾಸ್ತಿ. ಸಿ5-ಆರ್‌ಗೆ ಮೊದಲು 6 ಲೀಟರ್, ಆಮೇಲೆ 7 ಲೀಟರ್ ಎಂಜಿನ್ ಇತ್ತು. ಅಷ್ಟು ದೊಡ್ಡ ಎಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲೇ, ಅಂದರೆ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗಲೇ, ಸಿಗುವ ಗಾಳಿಯನ್ನೆಲ್ಲ ಕುಡಿದುಬಿಡುತ್ತದೆ. ತಿರುವಿನಿಂದ ಹೊರಬರುವಾಗ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೈಗೆ ಸಿಗುತ್ತದೆ. ಬಾಳಿಕೆಗೂ ಲಾಭ. ಅದೇ ಎಂಜಿನ್ನಿನ ಆರ್‌ಪಿಎಮ್ 20 ಪರ್ಸೆಂಟ್ ಇಳಿಸಿದರೆ ಪಿಸ್ಟನ್ ತನ್ನ ರಾಡನ್ನು ಎಳೆದಾಡುವ ಬಲ 36 ಪರ್ಸೆಂಟ್ ಇಳಿಯುತ್ತದೆ. ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 24 ಗಂಟೆಯ ರೇಸಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಂತ ಗೆಲುವು ಸುಮ್ನೆ ಬರಲಿಲ್ಲ. 1999ರಲ್ಲಿ ಅಮೆರಿಕದ ಡೇಟೋನಾದಲ್ಲಿ ನಡೆದ 24 ಗಂಟೆಯ ರೇಸ್ ಸಿ5-ಆರ್‌ನ ಮೊದಲ ರೇಸ್. ಅಲ್ಲಿ ತನ್ನ ದರ್ಜೆಯಲ್ಲಿ ಸಿಕ್ಕಿದ್ದು ಮೂರನೇ ಸ್ಥಾನ. 2000ದಲ್ಲಿ ಅಲ್ಲೇ ಇಡೀ ರೇಸಿಗೇ ಎರಡನೆಯದಾಯಿತು. ಒಂದು ಹಗಲು ಒಂದು ರಾತ್ರಿ ಓಡಿದ ಮೇಲೆ ಗೆದ್ದ ಡಾಜ್ ವೈಪರ್ ಕಾರಿಗೂ ಇದಕ್ಕೂ ಇದ್ದ ಅಂತರ ಸುಮಾರು 31 ಸೆಕೆಂಡ್. ಒಂದು ಸಲ ಟೈರ್ ಬದಲಿಸುವಾಗ ಒಂದು ನಟ್ ಸಿಕ್ಕಿಹಾಕಿಕೊಂಡರೂ ಅಷ್ಟು ಹೊತ್ತು ಹೋಗುತ್ತದೆ, ಅಲ್ವಾ? ಆ ಸಂಕಟ ನನಗೆ ಅರ್ಥವಾಗುತ್ತದೆ.

ಮರುವರ್ಷ, 2001ರ ಫೆಬ್ರವರಿ. ಅದೇ ಡೇಟೋನಾ. ರೇಸಿಗಾಗಿಯೇ ಹುಟ್ಟಿದ ಪ್ರೊಟೊಟೈಪ್ ಕಾರುಗಳು ಒಂದೊಂದಾಗಿ ಕೆಟ್ಟು ನಿಂತವು. ಕಾರ್ವೆಟ್ ನಿಲ್ಲಲಿಲ್ಲ. ರಾನ್ ಫೆಲೋಸ್, ಜಾನಿ ಓಕಾನಲ್, ಕ್ರಿಸ್ ನೈಫಲ್, ಫ್ರಾಂಕ್ ಫ್ರೆಯಾನ್ ಓಡಿಸಿದ ಕಾರು ಇಡೀ ರೇಸನ್ನೇ ಗೆದ್ದಿತು. ತಂಡದ ಇನ್ನೊಂದು ಕಾರನ್ನು ಆಂಡಿ ಪಿಲ್‌ಗ್ರಿಮ್, ಕೆಲ್ಲಿ ಕಾಲಿನ್ಸ್ ಜೊತೆ ಓಡಿಸಿದವರು ಅಮೆರಿಕದ ಹೆಸರಾಂತ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಮತ್ತು ಅವರ ಮಗ ಡೇಲ್ ಜೂನಿಯರ್. ಅದು ನಾಲ್ಕನೇ ಸ್ಥಾನಕ್ಕೆ ಬಂತು. ಎರಡು ವಾರದ ಮೇಲೆ, ಅದೇ ಟ್ರ್ಯಾಕಿನಲ್ಲಿ, ಡೇಟೋನಾ 500 ಎಂಬ ಇನ್ನೊಂದು ರೇಸಿನ ಕೊನೆಯ ಸುತ್ತಿನಲ್ಲಿ ಅಪಘಾತವಾಗಿ ಅಪ್ಪ ಅರ್ನ್‌ಹಾರ್ಟ್ ತೀರಿಕೊಂಡರು. ಅಪ್ಪ ಮಗ ಒಂದೇ ಕಾರನ್ನು ಹಂಚಿಕೊಂಡು ಓಡಿಸಿದ ಫೋಟೋಗಳನ್ನು ನೋಡಿದಾಗ ಇವತ್ತೂ ಗಂಟಲು ಕಟ್ಟುತ್ತದೆ.

ಆ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್, ಅದೂ 24 ಗಂಟೆಯ ರೇಸ್. ಜೋರು ಮಳೆ. ಸಿ5-ಆರ್ ಓಡಿದ ಜಿಟಿಎಸ್ ದರ್ಜೆಯಲ್ಲಿ ಎರಡು ಕಾರ್ವೆಟ್‌ಗಳು ಮೊದಲ ಎರಡು ಸ್ಥಾನ ಹಿಡಿದವು. 2002ರಲ್ಲೂ ಹಾಗೇ. 2003ರಲ್ಲಿ ಪ್ರೊಡ್ರೈವ್ ತಂಡದ ಫೆರಾರಿ 550 ಸೋಲಿಸಿತು. 2004ರಲ್ಲಿ ಮತ್ತೆ ಮೊದಲೆರಡು ಸ್ಥಾನ. ಆ ವರ್ಷ ಅಮೆರಿಕನ್ ಲೆ ಮಾನ್ ಸರಣಿಯಲ್ಲಿ ತನ್ನ ದರ್ಜೆಯ ಒಂದು ರೇಸನ್ನೂ ಸಿ5-ಆರ್ ಬಿಟ್ಟುಕೊಡಲಿಲ್ಲ. 2004ರ ಲೆ ಮಾನ್‌ನಲ್ಲಿ ದರ್ಜೆ ಗೆದ್ದ ಕಾರ್ವೆಟ್‌ನ ಮೂವರು ಚಾಲಕರಲ್ಲಿ ಒಬ್ಬರು ಒಲಿವಿಯೇ ಬೆರೆಟಾ. 2000ದಲ್ಲಿ ಡೇಟೋನಾದಲ್ಲಿ ಕಾರ್ವೆಟ್‌ನ್ನು 31 ಸೆಕೆಂಡಿನಿಂದ ಸೋಲಿಸಿದ ಆ ವೈಪರ್‌ನ ಚಾಲಕರಲ್ಲಿ ಒಬ್ಬರೂ ಅವರೇ.

ರೇಸಿನಿಂದ ರಸ್ತೆಗೆ ಏನು ಬಂತು ಅಂತ ಜನ ಕೇಳುತ್ತಾರೆ. 2006ರ ಕಾರ್ವೆಟ್ ಝಡ್06 ತೋರಿಸುತ್ತೇನೆ. ಅದು ಮುಂದಿನ ತಲೆಮಾರಿನ ಕಾರು. 505 ಹಾರ್ಸ್‌ಪವರ್. ರೇಸ್ ಕಾರಿನಷ್ಟೇ ದೊಡ್ಡ, 7 ಲೀಟರ್ ಪುಷ್‌ರಾಡ್ ಎಂಜಿನ್. ಜೊತೆಗೆ ಡ್ರೈ ಸಂಪ್. ಉದ್ದದ ತಿರುವಿನಲ್ಲಿ ಜೋರಾಗಿ ಹೋದರೆ ಮಾಮೂಲಿ ಎಂಜಿನ್ನಿನ ತಳದಲ್ಲಿರುವ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಪಂಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗುತ್ತದೆ. ಡ್ರೈ ಸಂಪ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಪಂಪ್ ಅಲ್ಲಿಂದ ಎಳೆದುಕೊಳ್ಳುತ್ತದೆ. ಲೆ ಮಾನ್‌ನಲ್ಲಿ ರಾತ್ರಿಯಿಡೀ ಸಿ5-ಆರ್ ಎಂಜಿನ್ನಿಗೆ ಆಯಿಲ್ ಸಿಗುತ್ತಿದ್ದದ್ದೂ ಹೀಗೇ.