ಬಿರುಬೇಸಿಗೆಯಲ್ಲೂ ಚಳಿಯೇ? ಒಮ್ಮೆ ಥೈರಾಯ್ಡ್ ನೋಡಿಸಿ

ದಾವಣಗೆರೆಯ ಏಪ್ರಿಲ್ ಬಿಸಿಲು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಂಥ ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಸ್ವೆಟರ್ ಹಾಕಿಕೊಂಡು ನನ್ನ ಕ್ಲಿನಿಕ್‌ಗೆ ಬಂದರು. ಕೂತ ಕೂಡಲೇ "ಮೇಡಂ, ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ತೀರಾ?" ಅಂದರು. ಬಂದದ್ದು ಮೈಕೈ ನೋವಿಗೆ. ಜೊತೆಗಿದ್ದ ಅತ್ತೆ ಸುಮ್ಮನಿರಲಿಲ್ಲ. "ನೋವು ಗೀವು ಏನೂ ಇಲ್ಲ ಮೇಡಂ. ಎರಡು ವರ್ಷದಿಂದ ಹಿಂಗೇ, ಹೊತ್ತು ಗೊತ್ತಿಲ್ಲದೆ ಮಲಗೋದು. ಮೈಗಳ್ಳತನ ಅಷ್ಟೇ."

ಸೊಸೆ ತಲೆ ತಗ್ಗಿಸಿ ಕೂತಿದ್ದರು. ಅವರಿಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು. ನನಗೆ ಬೇಸರ ತರಿಸುವುದು ಇದೇ.

ಅವರ ದನಿ ಗಡಸಾಗಿತ್ತು. ಕಣ್ಣಿನ ಸುತ್ತ ಊತ, ಚರ್ಮ ಒಣಗಿ ಒರಟು. ಇಂಥ ಹೊತ್ತಲ್ಲಿ ನಾನು ಆಧಾರ್ ಕಾರ್ಡ್ ಕೇಳುತ್ತೇನೆ. ಏಳೆಂಟು ವರ್ಷದ ಹಿಂದಿನ ಫೋಟೋ ಇರುತ್ತದಲ್ಲ, ಅದಕ್ಕೆ. ಕಾರ್ಡಿನಲ್ಲಿದ್ದ ಮುಖಕ್ಕೂ ಎದುರಿಗಿದ್ದ ಮುಖಕ್ಕೂ ಅಕ್ಕ ತಂಗಿಯಷ್ಟು ವ್ಯತ್ಯಾಸ ಇತ್ತು. ದಿನಾ ನೋಡುವ ಮನೆಯವರಿಗೆ ಇದು ಕಾಣುವುದಿಲ್ಲ. ಯಾಕೆಂದರೆ ಈ ಕಾಯಿಲೆ ಬರುವುದೇ ಅಷ್ಟು ನಿಧಾನ.

ಆಮೇಲೆ ಅವರನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿದೆ, ಪಾದಗಳು ಹಿಂದಕ್ಕೆ ಜೋತು ಬೀಳುವ ಹಾಗೆ. ಹಿಮ್ಮಡಿಯ ಮೇಲಿನ ನರದ ಹಾಗೆ ಕಾಣುವ ದಪ್ಪ ಹುರಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಪಾದ ಚಟ್ಟನೆ ಚಿಮ್ಮಿತು. ವಾಪಸ್ ಬರುವುದು ಮಾತ್ರ ತಡ. ನೀರೊಳಗೆ ಕಾಲು ಎಳೆದ ಹಾಗೆ ಮೆಲ್ಲಗೆ ಬಂತು. ಅತ್ತೆಯನ್ನು ಹತ್ತಿರ ಕರೆದು ಇನ್ನೊಮ್ಮೆ ತಟ್ಟಿ ತೋರಿಸಿದೆ. "ನೋಡಿ ಅಮ್ಮ, ಇದನ್ನ ಯಾರೂ ಬೇಕಂತ ಮಾಡೋಕಾಗಲ್ಲ. ಮೈಯೇ ನಿಧಾನ ಆಗಿದೆ" ಅಂದೆ. ಅವರು ಮಾತಾಡಲಿಲ್ಲ. ಮರುದಿನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು: ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ 100ಕ್ಕಿಂತ ಮೇಲೆ. ಸಾಮಾನ್ಯವಾಗಿ ಇರಬೇಕಾದದ್ದು ಸುಮಾರು 0.4ರಿಂದ 4.5ರೊಳಗೆ.

ಟಿಎಸ್‌ಎಚ್ ಜಾಸ್ತಿ ಬಂದರೆ ಥೈರಾಯ್ಡ್ ಜಾಸ್ತಿ ಆಗಿದೆ ಅಂತಲೇ ತುಂಬಾ ಜನ ತಿಳಿಯುತ್ತಾರೆ. ಇದು ಉಲ್ಟಾ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿ ಅದಕ್ಕೆ ಕೆಲಸ ಹೇಳುತ್ತದೆ. ಥೈರಾಯ್ಡ್ ಸೋತಷ್ಟೂ ಪಿಟ್ಯುಟರಿ ದನಿ ಏರಿಸುತ್ತದೆ. ಆ ಏರಿದ ದನಿಯೇ ನಿಮ್ಮ ರಿಪೋರ್ಟಿನ ದೊಡ್ಡ ಸಂಖ್ಯೆ. ಅಂದರೆ ಟಿಎಸ್‌ಎಚ್ ಜಾಸ್ತಿ, ಟಿ4 (ಥೈರಾಯ್ಡ್ ಮಾಡುವ ಹಾರ್ಮೋನ್) ಕಡಿಮೆ ಇದ್ದರೆ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲ.

ಈ ಹಾರ್ಮೋನ್ ಬೇಡದ ಅಂಗ ಮೈಯಲ್ಲಿ ಇಲ್ಲವೆಂದೇ ಹೇಳಬೇಕು. ಅದು ಕಡಿಮೆಯಾದಾಗ ಹೃದಯ ನಿಧಾನ ಬಡಿಯುತ್ತದೆ. ಕರುಳು ನಿಧಾನವಾಗಿ ಮಲಬದ್ಧತೆ ಬರುತ್ತದೆ. ಮೈ ಶಾಖ ಹುಟ್ಟಿಸುವುದು ಕಮ್ಮಿಯಾಗಿ ಚಳಿ. ಕೂದಲು ಉದುರುತ್ತದೆ, ಕೆಲವರಿಗೆ ಹುಬ್ಬಿನ ಹೊರತುದಿ ತೆಳುವಾಗುತ್ತದೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಿ ರಕ್ತಹೀನತೆಯೂ ಸೇರಿಕೊಳ್ಳುತ್ತದೆ. ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಮರೆವು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ. ಇದನ್ನು ಬರೀ ಖಿನ್ನತೆ ಅಂದುಕೊಂಡು ವರ್ಷಗಟ್ಟಲೆ ಔಷಧಿ ತಗೊಂಡವರನ್ನು ನೋಡಿದ್ದೇನೆ. ಕೆಟ್ಟ ಕೊಲೆಸ್ಟ್ರಾಲ್ ಕೂಡ ಏರುತ್ತದೆ. ಹಾಗಾಗಿ ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡುವ ಮೊದಲು ಒಮ್ಮೆ ಟಿಎಸ್‌ಎಚ್ ನೋಡುವುದು ಒಳ್ಳೆಯದು.

ತೂಕದ ವಿಷಯದಲ್ಲಿ ಮಾತ್ರ ನೇರವಾಗಿ ಹೇಳುತ್ತೇನೆ. ಥೈರಾಯ್ಡ್‌ನಿಂದ ಏರುವುದು ಹೆಚ್ಚಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಇಪ್ಪತ್ತು ಕಿಲೋ ಏರಿದ್ದರೆ ಥೈರಾಯ್ಡ್ ಒಂದನ್ನೇ ದೂರಿ ಕೂತರೆ ಉಪಯೋಗವಿಲ್ಲ.

ಯಾಕೆ ಬರುತ್ತದೆ? ಇವತ್ತು ನಮ್ಮಲ್ಲಿ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಕಾರಣ ಹಾಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ಹಕಾರು ಹಾಶಿಮೊಟೊ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಸೋಂಕಿನ ಮೇಲೆ ಬೀಳಬೇಕಾದ ದೇಹದ ರಕ್ಷಣಾ ಕಣಗಳು ತಪ್ಪಿ ಥೈರಾಯ್ಡ್ ಮೇಲೆಯೇ ಬೀಳುತ್ತವೆ. ಹೆಂಗಸರಲ್ಲಿ ಇದು ತುಂಬಾ ಜಾಸ್ತಿ, ಒಂದೇ ಮನೆತನದಲ್ಲಿ ಹಲವರಿಗೆ ಬರುವುದೂ ಉಂಟು.

ಇನ್ನೊಂದು ಕಾರಣ ಅಯೋಡಿನ್ ಕೊರತೆ. ಹಿಂದೆ ಗಳಗಂಡ ಇದರಿಂದಲೇ ಬರುತ್ತಿತ್ತು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ಇಡೀ ದೇಶಕ್ಕೆ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಈಗ ಕೆಲವು ಮನೆಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದು ಅಂತ ಸೈಂಧವ ಲವಣವನ್ನೋ ಅಯೋಡಿನ್ ಇಲ್ಲದ ಕಲ್ಲುಪ್ಪನ್ನೋ ಮಾತ್ರ ಬಳಸುತ್ತಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳು ಬಸುರಿಯರು ಇರುವ ಮನೆಯಲ್ಲಂತೂ ಬೇಡವೇ ಬೇಡ. ಎಲೆಕೋಸು ಬಿಡಬೇಕಾ ಅಂತ ಕೇಳುತ್ತಾರೆ. ಬೇಯಿಸಿ, ಎಲ್ಲರಂತೆ ಹಿತಮಿತವಾಗಿ ತಿಂದರೆ ಏನೂ ತೊಂದರೆ ಇಲ್ಲ.

ಇನ್ನು ಮಾತ್ರೆ. ಥೈರಾಕ್ಸಿನ್ ಮಾತ್ರೆ ಅಂದರೆ ನಿಮ್ಮ ಗ್ರಂಥಿ ಮಾಡುತ್ತಿದ್ದ ಹಾರ್ಮೋನೇ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಒಬ್ಬರಿಗೆ ಪವರ್ 50ರಿಂದ 125ರವರೆಗೆ ಏರಿಸಿದರೂ ಟಿಎಸ್‌ಎಚ್ ಇಳಿಯಲಿಲ್ಲ. ಕೇಳಿದರೆ ಫಿಲ್ಟರ್ ಕಾಫಿಯ ಲೋಟದ ಜೊತೆಗೇ ನುಂಗುತ್ತಿದ್ದರು. ಕಾಫಿ ಮುಂದಕ್ಕೆ ಹಾಕಿಸಿದ ಮೇಲೆ ಪವರ್ ಇಳಿಸಬೇಕಾಯಿತು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟೇ ತಪ್ಪು ಬರಬಹುದು. ಪವರ್ ಬದಲಿಸಿದ ಮೇಲೆ ಮತ್ತೆ ಪರೀಕ್ಷೆ ಆರರಿಂದ ಎಂಟು ವಾರಕ್ಕೆ. ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ತೀರಾ ಕಡಿಮೆ ಪವರ್‌ನಿಂದ ಶುರು ಮಾಡುತ್ತೇವೆ. ಅಕ್ಕಪಕ್ಕದವರ ಡಬ್ಬಿಯಿಂದ ತಗೊಂಡು ನುಂಗುವ ಮಾತ್ರೆ ಇದಲ್ಲ. ಟಿಎಸ್‌ಎಚ್ ಆರೋ ಏಳೋ ಇದ್ದು ಟಿ4 ಸರಿ ಇದ್ದರೆ ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ.

"ನಾರ್ಮಲ್ ಬಂತಲ್ಲ ಮೇಡಂ, ನಿಲ್ಲಿಸಿಬಿಟ್ಟೆ." ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಲ್ಲಿಸಿದ ಕೂಡಲೇ ತೊಂದರೆ ಕಾಣುವುದಿಲ್ಲ, ಈ ಹಾರ್ಮೋನಿನ ಅರ್ಧ ಭಾಗ ರಕ್ತದಿಂದ ಖಾಲಿಯಾಗಲು ಸುಮಾರು ಏಳು ದಿನ ಬೇಕು. ಹಾಗಾಗಿ ವಾರ ಕಳೆದರೂ ಆರಾಮಾಗಿದ್ದೀನಿ ಅನ್ನಿಸುತ್ತದೆ. ಜೀವನಪೂರ್ತಿ ಮಾತ್ರೆಯಾ ಅಂತ ಹೆದರುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಇದೇ ಕಾಯಿಲೆಯ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿದರು. ಮುಂದೆ ಆಕೆ ಅದನ್ನು ಬಾಯಿಂದ ತಗೊಳ್ಳುತ್ತಾ ಇನ್ನೂ 28 ವರ್ಷ ಬದುಕಿದರು. ಅಷ್ಟಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ನಮಗೆ ದಿನಕ್ಕೊಂದು ಪುಟ್ಟ ಮಾತ್ರೆ ಸಾಕು.

ಸ್ವೆಟರ್ ಹಾಕಿಕೊಂಡು ಬಂದಿದ್ದವರು ಎರಡು ತಿಂಗಳಿಗೆ ಮತ್ತೆ ಬಂದಾಗ ಮುಖದ ಊತ ಇಳಿದಿತ್ತು. ಕೂದಲು ಮಾತ್ರ ಇನ್ನೂ ಉದುರುತ್ತಿತ್ತು, ಅದಕ್ಕೆ ಕೆಲವು ತಿಂಗಳು ಬೇಕು. ಜೊತೆಗೆ ತಂಗಿಯನ್ನೂ ಕರೆತಂದಿದ್ದರು. ತಂಗಿಗೆ ಎರಡು ಸಲ ಗರ್ಭಪಾತವಾಗಿತ್ತು. ಪರೀಕ್ಷೆ ಮಾಡಿದರೆ ಅವರಿಗೂ ಥೈರಾಯ್ಡ್ ಕಮ್ಮಿ. ಮಾತ್ರೆ ಕೊಟ್ಟು ಒಂದೇ ಮಾತು ಹೇಳಿದೆ: "ಮುಟ್ಟು ನಿಂತಿದೆ ಅಂತ ಗೊತ್ತಾದ ದಿನವೇ ಫೋನ್ ಮಾಡಮ್ಮ." ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡಿರುವುದಿಲ್ಲ. ಅದರ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನ್ ಮೇಲೆ. ಹಾಗಾಗಿ ಮಾತ್ರೆಯ ಪವರ್ ಆಗಲೇ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ.

ಅವರಿಗೆ ಹೆರಿಗೆಯಾದಾಗ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆಸಿ ಟಿಎಸ್‌ಎಚ್ ನೋಡಿಸಿದೆವು. ಸರಿಯಾಗಿತ್ತು. ತಾಯಿಗೆ ಏನೂ ಇಲ್ಲದಿದ್ದರೂ ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಈ ಕೊರತೆ ಇರುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ, ತಡವಾದರೆ ಕಳೆದುಕೊಂಡ ಬುದ್ಧಿಶಕ್ತಿ ವಾಪಸ್ ಬರುವುದಿಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ತಾವಾಗಿ ಈ ಪರೀಕ್ಷೆ ಮಾಡುವುದಿಲ್ಲ. ಮಗುವನ್ನು ಮನೆಗೆ ಕರೆದುಕೊಂಡು ಹೊರಡುವ ಮೊದಲು ನೀವೇ ಕೇಳಿ.