ರಟ್ಟಿನ ಒಳಗಿನ ಹಾಳೆ

ಹಳೆಯ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ರಟ್ಟಿನ ಒಳಗಿನ ಖಾಲಿ ಹಾಳೆಯನ್ನು. ಬರೆದವರು ಗೆಳೆಯರಿಗೆ ಪ್ರತಿ ಕೊಡುವಾಗ ನಾಲ್ಕು ಅಕ್ಷರ ಗೀಚುವುದು ಅಲ್ಲೇ ಅಲ್ವಾ?

ಧಾರವಾಡದಲ್ಲಿ ಈ ಹಾಳೆಗೆ ತೂಕ ಜಾಸ್ತಿ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡ ಊರಿದು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದಲ್ಲಿ ಹರಟೆಯೂ ಹಸ್ತಪ್ರತಿಯೂ ಜೊತೆಜೊತೆಗೇ ಸಾಗುತ್ತಿದ್ದವು. ಕಾರ್ನಾಡರ 'ಯಯಾತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ, ರಾಮಾನುಜನ್ ಅವರ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಮುಂದೆ 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್, ಸಿನಿಮಾದಲ್ಲಿ ಪ್ರಾಣೇಶಾಚಾರ್ಯರಾದವರು ಕಾರ್ನಾಡ್. ಇವರಲ್ಲಿ ಒಬ್ಬರು ಇನ್ನೊಬ್ಬರಿಗೆ ಸಹಿ ಹಾಕಿ ಕೊಟ್ಟ ಮೊದಲ ಮುದ್ರಣದ ಪ್ರತಿ ಯಾವುದಾದರೂ ಕಪಾಟಿನಲ್ಲಿ ಸಿಕ್ಕರೆ, ಕೊಟ್ಟರು ಅನ್ನುವುದಕ್ಕೆ ಅದೇ ಸಾಕ್ಷಿ. ಓದಿದರು ಅನ್ನುವುದಕ್ಕಲ್ಲ! 'ಪ್ರೀತಿಯ ಗೆಳೆಯನಿಗೆ' ಅಂತ ಬರೆದಿದ್ದರೂ ಒಳಗಿನ ಪುಟಗಳ ಕೂಡಿಕೊಂಡ ಅಂಚನ್ನು ಕತ್ತರಿಸಿ ಬಿಡಿಸದೇ, ಅಂದರೆ ಓದದೇ, ಉಳಿದ ಪ್ರತಿಗಳನ್ನು ನಾನು ಕಂಡಿದ್ದೇನೆ.

ಬರಹ ನೋಡಿದ ಕೂಡಲೇ ಹಿಗ್ಗಬೇಡಿ. ತಾರೀಖು ಮುದ್ರಣದ ವರ್ಷಕ್ಕೆ ಹೊಂದುತ್ತದಾ ನೋಡಿ. ಆಮೇಲೆ ಶಾಯಿ. ಬಾಲ್‌ಪೆನ್ ಅಂಗಡಿಗೆ ಬಂದದ್ದೇ 1940ರ ದಶಕದಲ್ಲಿ. ಬೇಂದ್ರೆಯವರ 1932ರ ಕವನ ಸಂಕಲನ 'ಗರಿ'ಯ ಮೇಲೆ ಬಾಲ್‌ಪೆನ್ ಸಹಿ ಇದ್ದರೆ ಅದು ಪುಸ್ತಕ ಹೊರಬಂದ ವರ್ಷದ್ದಲ್ಲ. ಹಾಗಂತ ಸುಳ್ಳು ಸಹಿ ಅಂತಲೂ ಅಲ್ಲ. ಯಾರೋ ಎಷ್ಟೋ ವರ್ಷದ ಮೇಲೆ ಹಳೆಯ ಪ್ರತಿ ಒಯ್ದು ಸಹಿ ಹಾಕಿಸಿಕೊಂಡಿರಬಹುದು. 'ಅಭಿಪ್ರಾಯಕ್ಕಾಗಿ' ಅಂತಿದ್ದರೆ ಅದು ಹೆಚ್ಚಾಗಿ ಪತ್ರಿಕೆಗೋ ವಿಮರ್ಶಕರಿಗೋ ಹೋದ ಪ್ರತಿ. ಗೆಳೆತನದ ಲೆಕ್ಕಕ್ಕೆ ಸುಮ್ನೆ ಸೇರಿಸಬಾರದು.

ಒಮ್ಮೆ ಗ್ರಂಥಾಲಯವೊಂದರಲ್ಲಿ, ಹೊಸ ಬೈಂಡಿಂಗ್ ಆಗಿ ಬಂದ ಕವನ ಸಂಕಲನ ತೆರೆದೆ. ಅಂಚು ಸಮ ಮಾಡಲು ಬೈಂಡರ್ ಮಷಿನ್ನಿಗೆ ಕೊಟ್ಟಿದ್ದ. 'ಗೆಳೆಯ ಶ್ರೀ' ಅಂತ ಉಳಿದಿತ್ತು, ಹೆಸರು ಕತ್ತರಿಗೆ ಹೋಗಿತ್ತು. ಸಹಿಯ ಮೇಲೆ ನೇರಳೆ ಠಸ್ಸೆ ಬೇರೆ. ಹೊಟ್ಟೆ ಉರಿಯಿತು.

ಈಗ ಬೈಂಡಿಂಗಿಗೆ ಕೊಡುವ ಮುಂಚೆ ಆ ಹಾಳೆಯ ಫೋಟೊ ತೆಗೆಸುತ್ತೇನೆ. ಬರಹವನ್ನು ಇದ್ದ ಹಾಗೆಯೇ, ತಪ್ಪಿದ್ದರೆ ತಪ್ಪಿನ ಸಮೇತ, ರಿಜಿಸ್ಟರಿನಲ್ಲಿ ಬರೆಸುತ್ತೇನೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಬೇಡವೇ ಬೇಡ. ಒದ್ದೆ ಬಟ್ಟೆ ತಾಗಿಸಿದರೆ ಫೌಂಟನ್ ಪೆನ್ನಿನ ಶಾಯಿ ಹರಡಿಬಿಡುತ್ತದೆ. ನಂಬರ್ ಹಾಕಲೇಬೇಕಾದರೆ ಮೆತ್ತನೆಯ ಪೆನ್ಸಿಲ್, ಅದೂ ಮೂಲೆಯಲ್ಲಿ. ಠಸ್ಸೆಗೆ ಬೇರೆ ಪುಟಗಳು ಬೇಕಾದಷ್ಟಿವೆ.